ಆಸ್ಪತ್ರೆಗೆ ಹದಿನೈದು ಕಿಲೋಮೀಟರ್

ಐರ್ಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ಗಂಗೊಳ್ಳಿಯಲ್ಲಿ ಜನ ಕೇಳುವುದು, ಏನೇನು ನೋಡಿದಿರಿ ಎಂದು. ನೋಡಲು ಅಲ್ಲಿ ಬೇಕಾದಷ್ಟು ಇದೆಯಂತೆ. ಕಡಲಿಗೆ ಕಡಿದಾಗಿ ಇಳಿಯುವ ಬಂಡೆಗಳು, ಹಳೆಯ ಕೋಟೆಗಳು, ಕಣ್ಣು ಹಾಯುವಷ್ಟು ದೂರ ಹುಲ್ಲು. ವಿಮಾನದಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಆ ಜಾಗಗಳ ಹೆಸರುಗಳನ್ನೆಲ್ಲ ಹೇಳಿದ್ದಳು, ನಾನೂ ತಲೆಯಾಡಿಸಿದ್ದೆ. ಕೊನೆಗೆ ನಾನು ನೋಡಿದ್ದು ಒಂದು ಆಸ್ಪತ್ರೆಯ ವಾರ್ಡು, ಅಲ್ಲಿಗೆ ಹೋಗುವ ರಸ್ತೆ, ಮತ್ತು ಆ ರಸ್ತೆಗೆ ಇಳಿಯಲಾಗದೆ ನಾವು ಕುಳಿತ ಎರಡು ಮನೆ. ಹೇಳಲು ನನ್ನ ಬಳಿ ಇರುವುದು ಅಷ್ಟೇ.

ಲಿಮೆರಿಕ್

ನಾನು ಹೋದದ್ದು ತಂಗಿ ಗಿರಿಜಳನ್ನು ನೋಡಲು. ಲಿಮೆರಿಕ್ಕಿನ ಆಸ್ಪತ್ರೆಯೊಂದಕ್ಕೆ ಅವಳು ನರ್ಸ್ ಆಗಿ ಸೇರಿ ಎರಡು ದಶಕ ಕಳೆದಿತ್ತು. ಈಗ ಅದೇ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿದ್ದಳು. ಹೊಟ್ಟೆಯಲ್ಲಿ ಶುರುವಾದ ಕ್ಯಾನ್ಸರ್ ಯಕೃತ್ತಿಗೆ ಹರಡಿತ್ತು. ಫೋನಿನಲ್ಲಿ ಅವಳು ಎಂದೂ ಬಾ ಎಂದು ಕರೆದವಳಲ್ಲ. ಡಿಸೆಂಬರಿನಲ್ಲಿ ಒಮ್ಮೆ ಮಾತಿನ ನಡುವೆ, "ಅಣ್ಣ, ಪಾಸ್‌ಪೋರ್ಟ್ ಮಾಡ್ಸಿದ್ಯಾ?" ಎಂದು ಕೇಳಿದಳು. ಅಷ್ಟು ಸಾಕಾಗಿತ್ತು. ಅಪ್ಪ ಅಮ್ಮ ಹೋದ ಮೇಲೆ ನಮಗೆ ನಾವಿಬ್ಬರೇ. ನಾನು ಮದುವೆಯಾದವನಲ್ಲ. ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರಾಗಿ ತಲೆ ಹಣ್ಣಾಗಿದೆ. ಬೋಟುಗಳಿಗೆ ಬೇಕಾದ ಐಸ್ ತಯಾರಿಸಿ, ಪುಡಿ ಮಾಡಿ ತುಂಬಿಸಿ ಕಳಿಸುವುದು ನಮ್ಮ ಕೆಲಸ. ಮಾಲೀಕರು ಒಂದು ಮಾತೂ ಆಡದೆ ರಜೆ ಕೊಟ್ಟರು.

ಗಿರಿಜಳ ಗಂಡ ಸತೀಶ ಬೆಂಗಳೂರಿನವನು. ಕಾರ್ಕ್ ಬಂದರಿನ ಹತ್ತಿರ ರಿಂಗಾಸ್ಕಿಡಿ ಎಂಬ ಕಡೆ ಔಷಧಿ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಮನೆಯಿಂದ ಎರಡು ಗಂಟೆಯ ದಾರಿ. ಆದ್ದರಿಂದ ಪಾಳಿ ಇರುವ ದಿನಗಳಲ್ಲಿ ಅಲ್ಲೇ ಉಳಿದು, ಮುಗಿದ ಮೇಲೆ ಬರುತ್ತಿದ್ದ. ಒಬ್ಬಳೇ ಮಗಳು ಅನಘಾಳಿಗೆ ಹದಿನಾರು ವರ್ಷ. ಅಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದು ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಆ ಊರಿನ ರಾಗದಲ್ಲಿ. ನನಗೆ ಅರ್ಧ ತಿಳಿಯುತ್ತಿತ್ತು. ಉಳಿದದ್ದನ್ನು ಅವಳ ಮುಖ ನೋಡಿ ಊಹಿಸಿಕೊಳ್ಳುತ್ತಿದ್ದೆ. ಅಮ್ಮನನ್ನು ಅವಳು ಅಲ್ಲಿನ ಮಕ್ಕಳಂತೆ 'ಮ್ಯಾಮ್' ಎನ್ನುತ್ತಿದ್ದಳು, ನನ್ನನ್ನು 'ಮಾಮ'. ಫೋನಿನಲ್ಲಿ ಯಾರ ಬಗ್ಗೆ ಮಾತನಾಡುತ್ತಿದ್ದಾಳೆ ಎಂದು ನನಗೆ ಎಷ್ಟೋ ಸಲ ಗೊಂದಲವಾಗುತ್ತಿತ್ತು.

ಮನೆ ಇದ್ದದ್ದು ಊರಿನಿಂದ ಹದಿನೈದು ಕಿಲೋಮೀಟರ್ ಹೊರಗೆ, ಒಂದು ಗುಡ್ಡದ ಓರೆಯಲ್ಲಿ. ಒಂದೇ ತರಹದ ಮನೆಗಳ ಸಣ್ಣ ಸಾಲು, ಸುತ್ತ ದನದ ಹುಲ್ಲುಗಾವಲು. ಅಂಗಡಿಗೂ ಕಾರು, ಇಗರ್ಜಿಗೂ ಕಾರು, ಆಸ್ಪತ್ರೆಗೂ ಕಾರು. ಮೊದಲ ವಾರವೆಲ್ಲ ದಿನಾ ಹೋಗಿ ಬಂದೆವು. ಎದುರು ಬಂದ ಕಾರಿನವರು ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುವುದನ್ನು ಅಲ್ಲಿ ನೋಡಿದೆ. ಪರಿಚಯ ಬೇಕಾಗಿಲ್ಲ, ಬೆರಳು ಎತ್ತಿದರಾಯಿತು. ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಹೇಗಿದ್ದೀರಿ ಎಂದರೆ 'ಗ್ರ್ಯಾಂಡ್' ಎನ್ನುತ್ತಾರೆ. ಹಲ್ಲು ನೋವಿದ್ದರೂ ಗ್ರ್ಯಾಂಡ್, ಸುರಿಯುವ ಮಳೆಯಲ್ಲಿ ತೊಯ್ದರೂ ಗ್ರ್ಯಾಂಡ್. ಗಿರಿಜಳಿಗೆ ಇದನ್ನು ಹೇಳಿದಾಗ ಅವಳು, ಅದು ನಮ್ಮ ಕುಂದಾಪುರದ ಕಡೆಯ 'ಅಡ್ಡಿಲ್ಲೆ' ಇದ್ದ ಹಾಗೆ, ಬಂದ ಮೊದಲ ತಿಂಗಳಲ್ಲೇ ಗೊತ್ತಾಯಿತು ಎಂದು ನಕ್ಕಳು. ನಕ್ಕಾಗ ಕೆನ್ನೆಯ ಚರ್ಮ ಮಡಿಕೆ ಬೀಳುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿದೆ.

ಅವಳಿಗೆ ಊರಿನ ಸುದ್ದಿ ಬೇಕಾಗಿತ್ತು. ಯಾರ ಬೋಟು ಮಾರಾಟವಾಯಿತು, ಬಂಗುಡೆ ಮೀನು ಈ ವರ್ಷ ಹೇಗೆ, ಅವಳ ಜೊತೆ ಓದಿದವಳ ಮಗಳಿಗೆ ಗಂಡು ಗೊತ್ತಾಯಿತೇ. ನಾನು ಹೇಳುತ್ತ ಹೋದೆ. ಗೊತ್ತಿಲ್ಲದ್ದನ್ನು ಅಲ್ಲಲ್ಲಿ ಸೇರಿಸಿಯೂ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಿದ್ದೆ ಬಂತೆಂದು ನಿಲ್ಲಿಸಿದರೆ, "ಕಡಿಗೆ?" ಎಂದು ದನಿ ಏರಿಸಿ ಮುಂದಿನದನ್ನು ಕೇಳುತ್ತಿದ್ದಳು.

ಮಳೆ ಬಂದ ಸಂಜೆ

ಆ ದಿನ ಸತೀಶ ಪಾಳಿಗೆ ರಿಂಗಾಸ್ಕಿಡಿಗೆ ಹೋಗಿದ್ದ. ನನ್ನನ್ನೂ ಅನಘಾಳನ್ನೂ ಆಸ್ಪತ್ರೆಗೆ ಕರೆದೊಯ್ದವಳು ಸಾಲಿನ ಆಚೆಯ ಹಳೆಯ ಮನೆಯ ಬ್ರೀಡಾ. ಎಪ್ಪತ್ತು ದಾಟಿದ ವಿಧವೆ. ಹಿಂದೆ ಅದೇ ಊರಿನಲ್ಲಿ ಮನೆ ಮನೆಗೆ ಅಂಚೆ ಹಂಚುತ್ತಿದ್ದವಳಂತೆ. ಗಿರಿಜ ಹಾಸಿಗೆ ಹಿಡಿದಂದಿನಿಂದ ವಾರಕ್ಕೊಮ್ಮೆ ಬ್ರೆಡ್ ಮಾಡಿ ತಂದು ಬಾಗಿಲಲ್ಲಿಟ್ಟು, ಗಂಟೆಯನ್ನೂ ಒತ್ತದೆ ಹೋಗುತ್ತಿದ್ದಳು.

ಮಧ್ಯಾಹ್ನ ಗಿರಿಜ ಚೆನ್ನಾಗಿಯೇ ಇದ್ದಳು. ಎರಡು ಚಮಚ ಸೂಪು ಕುಡಿದಳು. ಹವಾಮಾನದವರು ಎಚ್ಚರಿಕೆಯ ಬಣ್ಣವನ್ನು ಹಳದಿಯಿಂದ ಕಿತ್ತಳೆಗೆ ಬದಲಿಸಿದ್ದಾರೆ, ಕತ್ತಲಾಗುವ ಮೊದಲು ಮನೆ ಸೇರಿಕೊಳ್ಳಿ ಎಂದು ನರ್ಸ್ ಗ್ರೇಸ್ ಹೇಳಿದಳು. ಗ್ರೇಸ್ ಫಿಲಿಪೈನ್ಸಿನವಳು, ಗಿರಿಜಳ ಕೈಕೆಳಗೆ ಕೆಲಸ ಕಲಿತವಳು. ಅನಘಾ ರಾತ್ರಿ ಅಲ್ಲೇ ಇರುತ್ತೇನೆ ಎಂದಳು. ಗಿರಿಜಳೇ ಬೇಡ ಎಂದಳು, ಕುರ್ಚಿಯಲ್ಲಿ ಮಲಗಿದರೆ ಕತ್ತು ಹಿಡಿಯುತ್ತದೆ, ನಾಳೆ ಬಾ ಎಂದು. ನಾನೂ ಅವಳ ಕಾಲು ಸವರಿ, "ನಾಳೆ ಬತ್ತೆ, ಅಕಾ?" ಎಂದೆ. "ಅಕ್" ಎಂದು ಒಪ್ಪಿದಳು.

ಮನೆ ಸೇರುವಾಗ ಮಳೆ ಹನಿಯುತ್ತಿತ್ತು. ನಮ್ಮೂರಿನ ಮಳೆ ಕಂಡವನಿಗೆ ಅದು ಮಳೆಯೇ ಅಲ್ಲ, ತುಂತುರು. ಆದರೆ ಸ್ವಲ್ಪ ಹೊತ್ತಿನಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಮಳೆ ಬೀಳುತ್ತಲೇ ಇದೆ, ಸೂರಿನಿಂದ ಒಂದು ಹನಿಯೂ ತೊಟ್ಟಿಕ್ಕುತ್ತಿಲ್ಲ. ಬಿದ್ದ ನೀರು ಬಿದ್ದಲ್ಲೇ ಗಟ್ಟಿಯಾಗುತ್ತಿತ್ತು. ಅಂಗಳದ ಬಟ್ಟೆ ಒಣಗಿಸುವ ಹಗ್ಗ ಬೆರಳಿನಷ್ಟು ದಪ್ಪವಾಯಿತು. ಬೇಲಿಯ ಒಂದೊಂದು ಎಲೆಗೂ ಗಾಜಿನ ಚೀಲ ತೊಡಿಸಿದಂತಿತ್ತು. ನೋಡಲು ಚಂದ ಎಂದೇ ಅಂದುಕೊಂಡೆ. ಅನಘಾ ಫೋನಿನಲ್ಲಿ ಅದರ ಫೋಟೋ ತೆಗೆದಳು, ನಾಳೆ ಅಮ್ಮನಿಗೆ ತೋರಿಸಲು.

ಅನ್ನಕ್ಕೆ ಇಟ್ಟಾಗ ಕರೆಂಟು ಹೋಯಿತು. ಕರೆಂಟು ಹೋದರೆ ಆ ಮನೆಯಲ್ಲಿ ಎಲ್ಲವೂ ಹೋಗುತ್ತದೆಂದು ನನಗೆ ಆಗ ತಿಳಿದದ್ದು. ಒಲೆ ಇಲ್ಲ, ಬೆಳಕಿಲ್ಲ, ಗೋಡೆಗಳನ್ನು ಬೆಚ್ಚಗಿಡುವ ಯಂತ್ರ ಇಲ್ಲ, ಪಂಪಿಲ್ಲದ್ದರಿಂದ ನಲ್ಲಿಯಲ್ಲಿ ನೀರೂ ಇಲ್ಲ. ನಮ್ಮ ಪ್ಲಾಂಟಿನಲ್ಲಿ ಕರೆಂಟು ಹೋದರೆ ಐಸ್ ಕರಗುತ್ತದೆಂದು ಓಡಾಡುತ್ತೇವೆ. ಇಲ್ಲಿ ಐಸ್ ಬಿದ್ದೇ ಕರೆಂಟು ಹೋಗಿತ್ತು. ಅರೆಬೆಂದ ಅಕ್ಕಿಯನ್ನು ಹಾಗೆಯೇ ಮುಚ್ಚಿಟ್ಟು ಬಿಸ್ಕತ್ತು ತಿಂದು, ಇದ್ದ ಹೊದಿಕೆಗಳನ್ನೆಲ್ಲ ಹೊದ್ದು ಮಲಗಿದೆವು.

ಅಂಗಳ

ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಅನಘಾ ಮೆಟ್ಟಿಲ ಮೇಲೆ ನಿಂತು ಎತ್ತಿಕೊಂಡಳು. ಹೂಂ, ಹೂಂ ಎಂದು ಕೇಳಿದಳು, ಮತ್ತೆ ಅದೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಮ್ಮನ ಉಸಿರಾಟ ಬದಲಾಗಿದೆಯಂತೆ, ಸಾಧ್ಯವಾದರೆ ಬನ್ನಿ ಎಂದರಂತೆ. ಸಾಧ್ಯವಾದರೆ ಎಂಬುದನ್ನು ಅವಳು ಎರಡು ಸಲ ಹೇಳಿದಳು.

ಸತೀಶನಿಗೂ ಅದೇ ಕರೆ ಹೋಗಿತ್ತು. ಅವನು ಆಗಲೇ ಹೊರಟಿದ್ದ, ಹೆದ್ದಾರಿಗೆ ಬರುವ ಮೊದಲೇ ಪೊಲೀಸರು ತಡೆದು ಹಿಂದೆ ಕಳಿಸಿದ್ದರು. ನನ್ನೊಡನೆ ಮಾತನಾಡುವಾಗ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಭಾವ, ನಾನಿಲ್ಲಿ ಸಿಕ್ಕಾಕ್ಕೊಂಡಿದೀನಿ. ರೋಡೆಲ್ಲ ಕ್ಲೋಸ್ ಮಾಡಿದಾರೆ. ನೀವು ಹತ್ರ ಇದೀರ. ಹೇಗಾದ್ರೂ ಮಾಡಿ ಅವಳ ಹತ್ರ ಹೋಗಿ."

ಹೋಗುತ್ತೇನೆ ಎಂದೆ. ಹದಿನೈದು ಕಿಲೋಮೀಟರ್ ನನಗೆ ದೂರ ಎನಿಸಲಿಲ್ಲ. ನಮ್ಮಲ್ಲಿ ನೆರೆ ಬಂದಾಗ ದೋಣಿಯಲ್ಲಿ ಹೋಗಿದ್ದೇವೆ, ಎದೆಮಟ್ಟದ ನೀರಿನಲ್ಲಿ ನಡೆದಿದ್ದೇವೆ. ಮಳೆಗಾಲದಲ್ಲಿ ದಾರಿ ಇಲ್ಲ ಎಂದರೆ ನಿಧಾನವಾಗಿ ಹೋಗಬೇಕು ಎಂದು ಅರ್ಥ, ಹೋಗಲಿಕ್ಕೇ ಆಗುವುದಿಲ್ಲ ಎಂದಲ್ಲ.

ಬಾಗಿಲು ತೆರೆದು ಕಾಲಿಟ್ಟವನು ಹಾಗೆಯೇ ಕುಳಿತೆ. ಬಿದ್ದೆ ಎಂದರೆ ಸರಿಯಲ್ಲ. ನೆಲ ನನ್ನ ಕೆಳಗಿನಿಂದ ಜಾರಿಹೋಯಿತು. ಅಂಗಳ, ಗೇಟು, ರಸ್ತೆ, ಗುಡ್ಡ ಎಲ್ಲವೂ ಒಂದೇ ಹಾಳೆಯಾಗಿ ಹೊಳೆಯುತ್ತಿದ್ದವು. ಎಲ್ಲೋ ಕೊಂಬೆ ಮುರಿದ ಸದ್ದು ಗರ್ನಾಲು ಪಟಾಕಿಯ ಹಾಗೆ ಕೇಳುತ್ತಿತ್ತು, ಆಮೇಲೆ ಗಾಜಿನ ಪಾತ್ರೆಗಳ ಕಪಾಟು ಉರುಳಿದಂತೆ ಇನ್ನೊಂದು ಸದ್ದು. ಐಸಿನ ನಡುವೆಯೇ ಬದುಕಿದವನು ನಾನು. ಆದರೆ ನನ್ನ ಐಸ್ ಡಬ್ಬದೊಳಗೆ ಇರುತ್ತಿತ್ತು, ನನಗೆ ಬೇಕಾದಾಗ ಹೊರಗೆ ಬರುತ್ತಿತ್ತು.

ಗಿರಿಜಳ ಸಣ್ಣ ಕಾರು ಮನೆಯ ಮುಂದೆಯೇ ಇತ್ತು. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಗಡೆಯೇ ಓಡಿಸುವುದು, ಆದ್ದರಿಂದ ಓಡಿಸಬಲ್ಲೆ ಎಂಬ ಧೈರ್ಯ. ಬಾಗಿಲುಗಳೆಲ್ಲ ಗಟ್ಟಿಯಾಗಿ ಅಂಟಿಕೊಂಡಿದ್ದವು. ಅನಘಾ ಹಿಂದಿನ ಡಿಕ್ಕಿಯನ್ನು ಗುದ್ದಿ ಗುದ್ದಿ ತೆರೆದಳು. ನಾನು ಅದರೊಳಗಿಂದ ತೆವಳಿ ಡ್ರೈವರ್ ಸೀಟಿಗೆ ಬಂದೆ. ಎಂಜಿನ್ ಹತ್ತಿತು. ಆ ಕ್ಷಣ ನನಗಾದ ಸಂತೋಷ ಹೇಳತೀರದು. ಹ್ಯಾಂಡ್‌ಬ್ರೇಕ್ ಇಳಿಸಿದ್ದೇ ತಡ, ಕಾರು ನನ್ನನ್ನು ಕೇಳದೆ ಹೊರಟಿತು. ಬ್ರೇಕು ತುಳಿದೆ, ಸ್ಟೇರಿಂಗ್ ತಿರುಗಿಸಿದೆ. ಎಂಜಿನ್ ಕೆಟ್ಟ ದೋಣಿ ಅಳಿವೆಯಲ್ಲಿ ತಿರುಗುವಂತೆ ಕಾರು ಮೆಲ್ಲಗೆ ಅಡ್ಡ ತಿರುಗಿ, ಗೇಟು ದಾಟಿ, ಎದುರಿನ ಕಲ್ಲಿನ ಗೋಡೆಗೆ ಒರಗಿ ನಿಂತಿತು. ಜೋರು ಸದ್ದೇನೂ ಆಗಲಿಲ್ಲ. ಮುಂದಿನ ಚಕ್ರ ಚರಂಡಿಯೊಳಗೆ ಇಳಿದಿತ್ತು.

ಅನಘಾ ಅಂಗಳದಲ್ಲೇ ನಿಂತು ಯಾರ್ಯಾರಿಗೋ ಫೋನು ಮಾಡುತ್ತಿದ್ದಳು. ಆಂಬುಲೆನ್ಸಿನವರು, ರೋಗಿ ಈಗಾಗಲೇ ಆಸ್ಪತ್ರೆಯಲ್ಲಿದ್ದಾರೆ, ಅವರ ಮನೆಯವರನ್ನು ಕರೆತರಲು ಗಾಡಿ ಕಳಿಸಲಾಗುವುದಿಲ್ಲ ಎಂದರಂತೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಕಡೆಯಿಂದ ಹಾಗೆ ಹೇಳಿದ ಹೆಂಗಸೂ ಅತ್ತಳಂತೆ.

ಇಳಿಜಾರು

ಆಗ, ಅನಘಾಳ ಕರೆ ಕೇಳಿ, ಬ್ರೀಡಾ ಬಂದಳು. ಗೋಡೆ ಹಿಡಿದುಕೊಂಡು, ಬೂಟಿನ ಮೇಲೆ ಗಂಡನ ಹಳೆಯ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಂದಿದ್ದಳು. ಹೀಗೆ ಹಾಕಿಕೊಂಡರೆ ಜಾರುವುದು ಕಡಿಮೆ ಎಂದು ನಮಗೂ ಒಂದೊಂದು ಜೊತೆ ತಂದಿದ್ದಳು. ಗುಡ್ಡದ ಕೆಳಗಿನ ಒಬ್ಬ ರೈತನಿಗೆ ಫೋನು ಮಾಡಿದ್ದಾಳಂತೆ, ಅವನ ಬಳಿ ಟ್ರ್ಯಾಕ್ಟರ್ ಇದೆ, ಆದರೆ ತಿರುವಿನಲ್ಲಿ ಮರ ಬಿದ್ದಿದೆ, ಮರದ ಜೊತೆ ವಿದ್ಯುತ್ ತಂತಿಯೂ ಬಿದ್ದಿದೆ. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಇಲಾಖೆಯವರು ಬಂದು ನೋಡದೆ ಅವನು ಮುಟ್ಟುವಂತಿಲ್ಲ.

ಮರದ ಆಚೆಗೆ ನಡೆದು ಹೋದರೆ ಟ್ರ್ಯಾಕ್ಟರ್ ಸಿಗುತ್ತದೆ ಎಂದು ಅನಘಾ ಹೇಳಿದಳು. ನಾವಿಬ್ಬರೂ ಹೊರಟೆವು. ಬೂಟಿನ ಮೇಲೆ ಕಾಲುಚೀಲ, ಕೈಯಲ್ಲಿ ಪೊರಕೆಯ ಕೋಲು. ಬೇಲಿಯನ್ನು ಹಿಡಿದರೆ ಅದರ ಗಾಜು ಪುಡಿಯಾಗಿ ಅಂಗೈಗೆ ಚುಚ್ಚುತ್ತಿತ್ತು. ಮಳೆ ನಿಂತಿರಲಿಲ್ಲ. ಕನ್ನಡಕದ ಮೇಲೆ ಬಿದ್ದ ಹನಿ ಅಲ್ಲೇ ಗಟ್ಟಿಯಾಗಿ ನನಗೆ ಏನೂ ಕಾಣದಾಯಿತು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಅನಘಾ ಮುಂದೆ, ನಾನು ಹಿಂದೆ. ಅವಳು ನಡುನಡುವೆ ತಿರುಗಿ, "ಮಾಮ, ಯು ಗ್ರ್ಯಾಂಡ್?" ಎಂದು ಕೇಳುತ್ತಿದ್ದಳು.

ತಿರುವಿಗೆ ಬರುವಷ್ಟರಲ್ಲಿ ನಾನು ಜೋರಾಗಿ ಬಿದ್ದೆ. ಎಡಗೈ ಮೈಯ ಕೆಳಗೆ ಸಿಕ್ಕಿ ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ಅವಳು ಎಬ್ಬಿಸಲು ಬಂದು ತಾನೂ ಬಿದ್ದಳು. ಬಿದ್ದಲ್ಲಿಂದಲೇ ಎದುರಿಗೆ ನೋಡಿದೆ. ದೊಡ್ಡ ಮರ, ರಸ್ತೆಗೆ ಅಡ್ಡವಾಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಕೊಂಬೆಗಳ ನಡುವೆ ಐಸ್ ಹೊದ್ದ ತಂತಿಗಳು ಎಲ್ಲೆಲ್ಲೋ ಹೆಣೆದುಕೊಂಡಿದ್ದವು. ಎರಡೂ ಬದಿ ಎತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಮುಳ್ಳು. ಮರದ ಆಚೆ, ದೂರದಲ್ಲಿ, ಟ್ರ್ಯಾಕ್ಟರಿನ ಹಳದಿ ದೀಪ ತಿರುಗುತ್ತಿತ್ತು. ಅದು ನಿಜಕ್ಕೂ ಅಲ್ಲಿತ್ತು. ರೈತ ಇಳಿದು ಕೈ ಅಡ್ಡಡ್ಡ ಬೀಸುತ್ತಿದ್ದ, ಬರಬೇಡಿ ಎಂದು.

ಅನಘಾ ಎದ್ದು ಮರದ ಕಡೆಗೆ ಹೊರಟಳು. ನಾನು ಬಲಗೈಯಿಂದ ಅವಳ ಜಾಕೆಟ್ ಹಿಡಿದುಕೊಂಡೆ.

"ಲೆಟ್ ಗೋ, ಮಾಮ."

"ತಂತಿ ಇದೆ ಮಗು."

"ಶೀಸ್ ಮೈ ಮ್ಯಾಮ್."

ನಾನು ಬಿಡಲಿಲ್ಲ. ಅವಳು ಎಳೆದಳು, ನಾನು ಕುಳಿತಲ್ಲೇ ಅವಳ ಹಿಂದೆ ಜಾರಿಕೊಂಡು ಹೋದೆ, ಆದರೂ ಬಿಡಲಿಲ್ಲ. ಗಿರಿಜ ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅನಘಾ ಸ್ವಲ್ಪ ಹೊತ್ತು ನನ್ನ ಕೈಗೆ ಹೊಡೆದಳು, ಬಲವಾಗಿಯೇ ಹೊಡೆದಳು. ಕೊನೆಗೆ ನನ್ನ ಪಕ್ಕದಲ್ಲೇ ಐಸಿನ ಮೇಲೆ ಕುಳಿತಳು. ಮರದ ಆಚೆ ಟ್ರ್ಯಾಕ್ಟರ್ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಹಿಂದೆ ಹಿಂದೆ ಸರಿದು ಹೋಯಿತು. ಇಷ್ಟು ಸಾವಿರ ಮೈಲಿ ಹಾರಿ ಬಂದವನು ಒಂದು ಮರದ ಎದುರು ಕುಳಿತಿದ್ದೆ.

ಬ್ರೀಡಾಳ ಅಡುಗೆಮನೆ

ಏರಿನಲ್ಲಿ ಅರ್ಧ ತೆವಳುತ್ತ ಹಿಂದೆ ಬಂದಾಗ ಬ್ರೀಡಾ ನಮ್ಮನ್ನು ತನ್ನ ಮನೆಗೇ ಕರೆದೊಯ್ದಳು. ಅವಳದು ಹಳೆಯ ಮನೆ, ಅಡುಗೆಮನೆಯಲ್ಲಿ ಕಟ್ಟಿಗೆ ಹಾಕುವ ಕಬ್ಬಿಣದ ಒಲೆ. ನನ್ನ ಕೈಗೆ ಟವಲು ಸುತ್ತಿ, ಮರದ ಚಮಚವೊಂದನ್ನು ಒತ್ತಾಸೆಗೆ ಕಟ್ಟಿದಳು. ಒಲೆಯ ಮೇಲೆ ಕೆಟಲ್ ಇಟ್ಟಳು. ಆ ದೇಶದಲ್ಲಿ ಯಾವ ಕಷ್ಟಕ್ಕೂ ಮೊದಲು ಚಹ. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅವರಲ್ಲಿ ಒಲೆ ಆರಿಸುವುದೇ ಇಲ್ಲವಂತೆ. ತನ್ನ ಗಂಡ ಹೋದ ದಿನದ ಬಗ್ಗೆ ಮಾತನಾಡುತ್ತ ಅವಳು ಇದನ್ನು ಹೇಳುತ್ತಿದ್ದಳು. ಹೇಳುತ್ತಿದ್ದಂತೆ ಎದುರಿಗೆ ಅನಘಾ ಕುಳಿತದ್ದು ನೆನಪಾಗಿ ಮಾತು ನಿಲ್ಲಿಸಿದಳು.

ಅವಳ ಗೋಡೆಯಲ್ಲಿ ತಂತಿಯ ಹಳೆಯ ಫೋನಿತ್ತು. ಕರೆಂಟಿಲ್ಲದೆಯೂ ಅದು ನಡೆಯುತ್ತಿತ್ತು. ಅದರಿಂದ ವಾರ್ಡಿಗೆ ಕರೆ ಮಾಡಿದೆವು. ಗ್ರೇಸ್ ಇನ್ನೂ ಅಲ್ಲೇ ಇದ್ದಳು. ಅವಳ ಜಾಗಕ್ಕೆ ಬರಬೇಕಾದವಳು ಐಸಿನಿಂದ ಬರಲಾಗದ್ದರಿಂದ ಗ್ರೇಸ್ ಮನೆಗೆ ಹೋಗಿರಲಿಲ್ಲ. ಗಿರಿಜಳಿಗೆ ಎಚ್ಚರವಿಲ್ಲ, ನೋವಿಲ್ಲ ಎಂದಳು. ಆದರೂ ಕಿವಿಗೆ ಕೇಳಿಸಬಹುದು, ಫೋನು ಹಿಡಿಯುತ್ತೇನೆ, ಮಾತನಾಡಿ ಎಂದಳು.

ಅನಘಾ ಮೊದಲು ಮಾತನಾಡಿದಳು. ಬ್ರೀಡಾ ಹಿತ್ತಿಲ ಬಾಗಿಲ ಬಳಿ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ನಾನೂ ಕೇಳಿಸಿಕೊಳ್ಳದಿರಲು ಪ್ರಯತ್ನಿಸಿದೆ. ಶಾಲೆಯ ಬಗ್ಗೆ ಏನೋ, ಬೆಕ್ಕಿನ ಬಗ್ಗೆ ಏನೋ ಹೇಳುತ್ತಿದ್ದಳು. ದಿನಾ ಸಂಜೆ ಹೇಳುವಂತೆ. ಆಮೇಲೆ ಫೋನು ನನ್ನ ಕೈಗೆ ಕೊಟ್ಟಳು.

ಆ ತುದಿಯಲ್ಲಿ ಉಸಿರು ಕೇಳುತ್ತಿತ್ತು. ಎಳೆದು, ನಿಂತು, ಮತ್ತೆ ಎಳೆಯುವ ಉಸಿರು. ನಾನು ಗಿರಿಜ ಎಂದು ಕರೆದೆ. ನಾಳೆ ಬರುತ್ತೇನೆ ಎಂದಿದ್ದೆನಲ್ಲ, ದಾರಿಯಲ್ಲಿದ್ದೇನೆ ಎಂದು ಸುಳ್ಳು ಹೇಳಿದೆ. ಆಮೇಲೆ ಏನು ಹೇಳಬೇಕೋ ತಿಳಿಯದೆ, ಬಂಗುಡೆ ಈ ಸಲ ಚೆನ್ನಾಗಿ ಬಿದ್ದಿದೆ ಎಂದೆ. ಅದನ್ನು ಮೊದಲೇ ಹೇಳಿದ್ದೆ. ಇನ್ನೂ ಏನೇನೋ ಹೇಳುತ್ತಿದ್ದಾಗ ಫೋನಿನಲ್ಲಿ ಕರ್ ಎಂದು ಸದ್ದಾಯಿತು, ಉಸಿರಿನ ಸದ್ದು ನಿಂತಿತು. ಬ್ರೀಡಾ ಬಂದು ಫೋನು ತೆಗೆದು ಕಿವಿಗಿಟ್ಟು, ಲೈನು ಹೋಗಿದೆ, ಕಂಬ ಬಿದ್ದಿರಬೇಕು, ಅಷ್ಟೇ ಎಂದು ನಮ್ಮಿಬ್ಬರ ಮುಖ ನೋಡಿ ಹೇಳಿದಳು.

ಮೊಬೈಲ್‌ಗಳೂ ಅಷ್ಟರಲ್ಲಿ ಸಿಗ್ನಲ್ ಕಳೆದುಕೊಂಡಿದ್ದವು. ಅಲ್ಲಿಂದ ಮುಂದೆ ನಮಗೆ ಏನೂ ಗೊತ್ತಿಲ್ಲ. ಏನೂ ಗೊತ್ತಿಲ್ಲದೆ ಕುಳಿತಿರುವುದೆಂದರೆ ಏನು ಎಂದು ಮೀನುಗಾರರ ಮನೆಯ ಹೆಂಗಸರಿಗೆ ಗೊತ್ತು. ಗಾಳಿ ಎದ್ದ ದಿನ ಅವರು ನಮ್ಮ ಪ್ಲಾಂಟಿನ ಜಗಲಿಯಲ್ಲಿ ಬಂದು ಕೂರುವುದನ್ನು ಎಷ್ಟು ಸಲ ನೋಡಿದ್ದೇನೆ. ಅವರಿಗೆ ನಾನು ಹೇಳುತ್ತಿದ್ದ ಸಮಾಧಾನದ ಮಾತುಗಳಲ್ಲಿ ಒಂದೂ ಆ ದಿನ ನನ್ನ ಉಪಯೋಗಕ್ಕೆ ಬರಲಿಲ್ಲ.

ನಿಮ್ಮ ಅಭ್ಯಂತರ ಇಲ್ಲದಿದ್ದರೆ ಪ್ರಾರ್ಥನೆ ಮಾಡುತ್ತೇನೆ ಎಂದು ಬ್ರೀಡಾ ನನ್ನನ್ನು ಕೇಳಿದಳು. ಇಗರ್ಜಿಯಿಂದ ತಂದ ಮೇಣದ ಬತ್ತಿಯೊಂದನ್ನು ಕಿಟಕಿಯಲ್ಲಿ ಹಚ್ಚಿ, ಕುರ್ಚಿಗೆ ಮೊಣಕೈ ಊರಿ ಮಂಡಿಯೂರಿದಳು. ಗಂಗೊಳ್ಳಿಯ ಇಗರ್ಜಿಯ ಹೆಂಗಸರು ಜಪಸರ ಎಣಿಸುವಾಗ ಬರುವ ಅದೇ ಏರಿಳಿತ. ನಾನೂ ಗೋಡೆಗೆ ಒರಗಿ, ಕಟ್ಟಿದ ಕೈಯ ಮೇಲೆ ಬಲಗೈ ಇಟ್ಟು ಕಣ್ಣು ಮುಚ್ಚಿದೆ. ಯಾವ ದೇವರನ್ನು ಏನು ಕೇಳಬೇಕೆಂದು ತೋಚಲಿಲ್ಲ. ಬದುಕಿಸು ಎನ್ನಲು ಬಾಯಿ ಬರಲಿಲ್ಲ. ನಾವು ತಲುಪುವವರೆಗೆ ಅವಳನ್ನು ನಿಲ್ಲಿಸು ಎಂದಷ್ಟೇ ಕೇಳಿದೆ.

ಸಂಜೆಗೆ ಬ್ರೀಡಾ ಆಲೂಗಡ್ಡೆಯ ಸೂಪು ಮಾಡಿದಳು. ಅನಘಾ ತಿನ್ನುವುದಿಲ್ಲ ಎಂದಳು. ಅವಳನ್ನು ಮಾತಿಗೆಳೆಯಲು ಬ್ರೀಡಾ, ತಾನು ಅಂಚೆ ಹಂಚುತ್ತಿದ್ದಾಗ ಬಾತುಕೋಳಿಯೊಂದು ತನ್ನನ್ನು ಊರೆಲ್ಲ ಅಟ್ಟಿಸಿಕೊಂಡು ಬಂದ ಕಥೆ ಹೇಳಿದಳು. ಎದ್ದು ನಿಂತು, ಎರಡು ಕೈ ಬಡಿದು, ಕತ್ತು ಚಾಚಿ ಆ ಬಾತುಕೋಳಿಯಂತೆ ನಡೆದು ತೋರಿಸಿದಳು. ಅನಘಾಳಿಗೆ ನಗು ಬಂದುಬಿಟ್ಟಿತು. ತಡೆಯಲು ಹೋಗಿ ಇನ್ನೂ ಜೋರಾಗಿ ನಕ್ಕಳು. ನಾನೂ ನಕ್ಕೆ. ಆ ಮೇಲೆ ಅವಳು ಒಂದು ಬಟ್ಟಲು ಸೂಪು ಕುಡಿದಳು. ದೇವರು ದೊಡ್ಡವನು, ಮಗು ಏನೋ ತಿಂದಿತಲ್ಲ ಎಂದುಕೊಂಡೆ.

ಟ್ರ್ಯಾಕ್ಟರಿನಲ್ಲಿ

ಮರುದಿನ ಬೆಳಿಗ್ಗೆ ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದಿಗೆ ಎಚ್ಚರವಾಯಿತು. ನಮ್ಮೂರಿನಲ್ಲಿ ಆ ಸದ್ದಿಗೆ ಮಗ್ಗುಲು ಬದಲಿಸಿ ಮಲಗುತ್ತೇವೆ. ಇಲ್ಲಿ ನಾನೂ ಅನಘಾಳೂ ಒಟ್ಟಿಗೇ ಎದ್ದು ಕುಳಿತೆವು. ಗಾಳಿಯ ದಿಕ್ಕು ಬದಲಾಗಿತ್ತು. ವಿದ್ಯುತ್ತಿನವರು ಬಂದು ತಂತಿ ತೆಗೆದರು, ರೈತ ಮರ ಕತ್ತರಿಸಿದ. ಟ್ರ್ಯಾಕ್ಟರನ್ನು ಬ್ರೀಡಾಳ ಬಾಗಿಲಿಗೇ ತಂದ.

ಟ್ರ್ಯಾಕ್ಟರಿನ ಕ್ಯಾಬಿನ್ನಿನಲ್ಲಿ ಅವನ ಸೀಟಿನ ಎರಡು ಪಕ್ಕ ನಾವಿಬ್ಬರು ಒತ್ತಿಕೊಂಡು ಕುಳಿತೆವು. ಅವನ ಹೆಸರನ್ನು ನಾನು ಕೇಳಲೇ ಇಲ್ಲ. ಹಿಂದಿನ ದಿನ ಬರಲಾಗಲಿಲ್ಲ ಎಂದು ಅವನು ಮತ್ತೆ ಮತ್ತೆ ಕ್ಷಮೆ ಕೇಳುತ್ತಿದ್ದ. ಮುರಿದ ಕೊಂಬೆಗಳು, ಮುಗ್ಗರಿಸಿದ ಕಂಬಗಳು, ಹೊಲದ ಮೂಲೆಯಲ್ಲಿ ಗುಂಪಾಗಿ ನಿಂತ ದನಗಳು. ಐಸು ಎಲ್ಲ ಕಡೆಯಿಂದ ಕಳಚಿ ಬೀಳುತ್ತಿತ್ತು. ರಸ್ತೆ ಮತ್ತೆ ಬರಿಯ ಒದ್ದೆ ರಸ್ತೆಯಾಗಿತ್ತು. ಯಾರು ಬೇಕಾದರೂ ಹೋಗಬಹುದಾದ ರಸ್ತೆ. ಅದನ್ನು ನೋಡಿ ನನಗೆ ಬಂದಷ್ಟು ಸಿಟ್ಟು ಇಡೀ ಜೀವನದಲ್ಲಿ ಬಂದಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಸತೀಶ ನಿಂತಿದ್ದ. ಹೆದ್ದಾರಿ ತೆರೆದ ಕೂಡಲೇ ಬಂದವನು ನಮಗಿಂತ ಸ್ವಲ್ಪ ಮೊದಲು ತಲುಪಿದ್ದ. ಟ್ರ್ಯಾಕ್ಟರಿನಿಂದ ಇಳಿಯುತ್ತಿದ್ದ ಮಗಳನ್ನು ನೋಡಿ ಅವನು ಮುಂದೆ ಬರಲಿಲ್ಲ. ಇದ್ದಲ್ಲೇ ನಿಂತು ಎರಡು ತೋಳು ಚಾಚಿದ. ಅದರಿಂದಲೇ ನಮಗೆ ತಿಳಿಯಿತು.

ಗಿರಿಜ ಹಿಂದಿನ ಸಂಜೆಯೇ ಹೋಗಿಬಿಟ್ಟಿದ್ದಳು. ಯಾವ ಹೊತ್ತಿನಲ್ಲಿ ಎಂದು ಅವನು ಹೇಳಿದಾಗ ಅನಘಾ ನನ್ನ ಕಡೆ ನೋಡಿದಳು. ನಾವು ಬಾತುಕೋಳಿಯ ಕಥೆಗೆ ನಗುತ್ತಿದ್ದ ಹೊತ್ತು ಅದು. ಆ ಮಗು ಅದನ್ನು ತಂದೆಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ.

ವಾರ್ಡು

ಅವಳನ್ನು ಒಂದು ಸಣ್ಣ ಕೋಣೆಯಲ್ಲಿ ಮಲಗಿಸಿದ್ದರು. ತಲೆಗೂದಲು ಬಾಚಿದ್ದರು. ಹಣೆಗೆ ಕುಂಕುಮ ಇರಲಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು. ಸತೀಶನೂ ಅನಘಾಳೂ ಅವಳ ಪಕ್ಕ ಕುಳಿತರು. ನಾನು ಕಾಲು ಮುಟ್ಟಿದೆ. ತಣ್ಣಗಿತ್ತು. ಐಸ್ ಮುಟ್ಟಿ ಮುಟ್ಟಿ ಮರಗಟ್ಟಿದ ಕೈ ನನ್ನದು, ಆದರೂ ಹಿಂದೆಗೆದುಕೊಂಡೆ.

ಗ್ರೇಸ್ ಹೊರಗೆ ಕಾರಿಡಾರಿನಲ್ಲಿ ಕಾದಿದ್ದಳು. ಮನೆಗೆ ಹೋಗಲು ಕೋಟು ಹಾಕಿಕೊಂಡಿದ್ದಳು, ಆದರೆ ನಮ್ಮನ್ನು ನೋಡದೆ ಹೋಗಲು ಮನಸ್ಸಾಗಲಿಲ್ಲವಂತೆ. ಇಡೀ ದಿನ ಬಿಡುವಾದಾಗಲೆಲ್ಲ ಗಿರಿಜಳ ಪಕ್ಕ ಕುಳಿತಿದ್ದಳು, ಕೊನೆಯಲ್ಲಿ ಅವಳ ಕೈಯನ್ನು ತಾನೇ ಹಿಡಿದಿದ್ದಳು. ಒಬ್ಬಳೇ ಹೋಗಲಿಲ್ಲ, ಅದನ್ನು ತಿಳಿದುಕೊಳ್ಳಿ ಎಂದಳು. ನಾನು ಬಲಗೈಯನ್ನು ಎದೆಗೆ ಒತ್ತಿ ತಲೆಬಾಗಿದೆ.

ಆಮೇಲೆ ಅವಳು ಹೇಳಿದಳು. ನಮ್ಮ ಫೋನು ಕಡಿದ ಮೇಲೆ, ಸಂಜೆಯಾಗುವ ಮೊದಲು, ಗಿರಿಜ ಕಣ್ಣು ತೆರೆದಿದ್ದಳಂತೆ. ಮಾತನಾಡಿದಳಂತೆ. ಸಾಕಷ್ಟು ಹೊತ್ತು, ಸ್ಪಷ್ಟವಾಗಿಯೇ. ಗ್ರೇಸ್ ಇಂಗ್ಲಿಷಿನಲ್ಲಿ ಏನು ಬೇಕು ಎಂದು ಕೇಳಿದರೆ ಅವಳು ನಿಮ್ಮ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದಳು ಎಂದಳು. ಇಪ್ಪತ್ತು ವರ್ಷ ಆ ವಾರ್ಡಿನಲ್ಲಿ ಇಂಗ್ಲಿಷು ಮಾತನಾಡಿದವಳಿಗೆ ಆಗ ಅದು ಬರಲಿಲ್ಲ. ಗ್ರೇಸ್ ಬ್ರೀಡಾಳ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿದ್ದಳು, ಸತೀಶನಿಗೂ ಮಾಡಿದ್ದಳು. ಯಾವುದೂ ಸೇರಲಿಲ್ಲ. ಪಕ್ಕದ ವಾರ್ಡುಗಳಲ್ಲಿ ಭಾರತದವರು ಯಾರಾದರೂ ಇದ್ದಾರೆಯೇ ಎಂದು ಓಡಿದ್ದಳು. ಕೇರಳದ ಒಬ್ಬ ಹುಡುಗಿ ಬಂದು ಕೇಳಿ, ನನಗೆ ಇದು ತಿಳಿಯುವುದಿಲ್ಲ ಎಂದು ಹೋದಳಂತೆ.

ಏನು ಹೇಳಿದಳು ಎಂದು ಕೇಳಿದೆ. ಅದು ಗೊತ್ತಿದ್ದರೆ ಎಂದು ಗ್ರೇಸ್ ಕಣ್ಣು ಒರೆಸಿಕೊಂಡಳು. ಸದ್ದಾದರೂ ನೆನಪಿದೆಯೇ ಎಂದೆ. ಒಂದೇ ಮಾತನ್ನು ಹಲವು ಸಲ ಹೇಳಿದಳು, ಸಣ್ಣ ಮಾತು, ಕೊನೆಯಲ್ಲಿ ದನಿ ಮೇಲೆ ಹೋಗುತ್ತಿತ್ತು, ಏನನ್ನೋ ಕೇಳುವವರ ಹಾಗೆ ಎಂದಳು. ಅನುಕರಿಸಲು ಬಾಯಿ ತೆರೆದಳು. ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಬಂದ ಸದ್ದು ಯಾವ ಭಾಷೆಯದೂ ಆಗಿರಲಿಲ್ಲ.

"ನಾನು ಹೇಳ್ತೇನೆ, ನೀವು ಕೇಳಿ" ಎಂದು ನನಗೆ ಬರುವ 'ಯು ಲಿಸನ್' ಎಂಬಂಥ ಹರಕು ಇಂಗ್ಲಿಷಿನಲ್ಲಿ ಹೇಳಿದೆ.

"ಅಣ್ಣ ಬಂದ್ನಾ?" ಎಂದೆ. ಗ್ರೇಸ್ ಕಣ್ಣು ಮುಚ್ಚಿ ಕೇಳಿದಳು. ಅಲ್ಲ ಎಂದು ತಲೆಯಾಡಿಸಿದಳು.

"ನೀರ್ ಕೊಡ್." ಅಲ್ಲ.

"ಬಾಗ್ಲ್ ತೆಗಿ." ಅಲ್ಲ.

"ಅನಘಾ ಎಲ್ಲಿತ್?" ಅವಳು ಒಂದು ಕ್ಷಣ ತಡೆದಳು. ಇನ್ನೊಮ್ಮೆ ಹೇಳಿ ಎಂದಳು. ಇನ್ನೊಮ್ಮೆ ಹೇಳಿದೆ. ಇಲ್ಲ, ಆ ಹೆಸರು ಬಂದಿದ್ದರೆ ನನಗೆ ಗೊತ್ತಾಗುತ್ತಿತ್ತು ಎಂದಳು.

"ಮನಿಗ್ ಹ್ವಾಪ." ಅಲ್ಲ. "ಚಳಿ ಆತ್ತಾ?" ಗೊತ್ತಾಗುತ್ತಿಲ್ಲ, ಇರಲಿಕ್ಕಿಲ್ಲ.

ನಮ್ಮ ಮನೆಯಲ್ಲಿ ನಾವು ಆಡುತ್ತಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ಆ ಕಾರಿಡಾರಿನಲ್ಲಿ ನಿಂತು ಹೇಳಿದೆ. ಅಮ್ಮ ಅವಳನ್ನು ಕರೆಯುತ್ತಿದ್ದ ರೀತಿ, ಅಪ್ಪ ಬಂದರಿನಿಂದ ಬಂದಾಗ ಅವಳು ಕೇಳುತ್ತಿದ್ದ ಪ್ರಶ್ನೆ. ಹಾಸಿಗೆ ಗಾಡಿಗಳನ್ನು ತಳ್ಳಿಕೊಂಡು ಹೋಗುವವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಗ್ರೇಸ್ ಪಾಪ, ನಿದ್ದೆಯಿಲ್ಲದ ಕಣ್ಣು ಮುಚ್ಚಿಕೊಂಡು, ಒಂದೊಂದನ್ನೂ ಗಮನವಿಟ್ಟು ಕೇಳಿ ತಲೆಯಾಡಿಸುತ್ತಿದ್ದಳು. ಯಾವಾಗಲೋ ಅನಘಾ ಕೋಣೆಯಿಂದ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತಿದ್ದಳು.

ನಾನು ಇನ್ನೊಂದು ಹೇಳಿದೆ. ಗ್ರೇಸ್ ಅದೂ ಅಲ್ಲ ಎಂದಳು.